ಬೇವಿನ ನೆರಳಿನ ಕಾಯಿದೆ

ಹಸನಾದ ಬೇಳೆಯನ್ನು ಮತ್ತೊಮ್ಮೆ ಹಸನು ಮಾಡುವುದಿದೆಯಲ್ಲ, ಅಷ್ಟು ಬೇಸರದ ಕೆಲಸ ಇನ್ನೊಂದಿಲ್ಲ. ಕಲ್ಲಿಲ್ಲ, ಕಡ್ಡಿಯಿಲ್ಲ, ಆದರೂ ಮೊರದಲ್ಲಿ ಹಾಕಿಕೊಂಡು ಕೇರಬೇಕು, ಬೆರಳಾಡಿಸಬೇಕು, ಏನೋ ಸಿಕ್ಕಿತೆಂಬಂತೆ ಚಿಟಿಕೆಯಲ್ಲಿ ಹಿಡಿದು ಬದಿಗೆ ಎಸೆಯಬೇಕು. ಹುಮನಾಬಾದಿನ ಬೇಳೆ ಕಾರ್ಖಾನೆಯಲ್ಲಿ ನಾನು ಕಲಿತ ಮೊದಲ ವಿದ್ಯೆ ಇದೇ. ಕಲಿಸಿದವಳು ನನ್ನ ಅತ್ತೆ.

ನನ್ನ ತವರು ಕಲ್ಯಾಣಿ. ಈಗ ಬಸವಕಲ್ಯಾಣ ಅನ್ನುತ್ತಾರೆ, ಬಸ್ಸಿನ ಬೋರ್ಡಿನ ಮೇಲೂ ಹಾಗೆಯೇ ಬರೆದಿರುತ್ತದೆ. ನನ್ನ ಬಾಯಿಗೆ ಮಾತ್ರ ಇಂದಿಗೂ ಕಲ್ಯಾಣಿಯೇ. ಅಪ್ಪ ಕೋಟೆಯ ಹತ್ತಿರದ ಓಣಿಯಲ್ಲಿ ಜರಡಿ ಕಟ್ಟುತ್ತಿದ್ದ. ಹಿಟ್ಟಿಗೆ ಬೇರೆ, ರವೆಗೆ ಬೇರೆ, ಜೋಳಕ್ಕೆ ಬೇರೆ. ನಾನು ಹುಟ್ಟಿದಾಗಿನಿಂದ ತಗಡಿಗೆ ಮೊಳೆ ಬಡಿಯುವ ಸದ್ದಿನಲ್ಲೇ ಬೆಳೆದವಳು, ಸದ್ದು ನಿಂತರೆ ನಿದ್ದೆ ಬರುತ್ತಿರಲಿಲ್ಲ. ಮದುವೆಯಾಗಿ ಹುಮನಾಬಾದಿಗೆ ಬಂದಾಗ ಎಲ್ಲೋ ದೂರದಲ್ಲಿ ದೊಡ್ಡ ಯುದ್ಧ ನಡೆದಿತ್ತು. ನಮ್ಮ ಪಾಲಿಗೆ ಯುದ್ಧ ಎಂದರೆ ಚಿಮಣಿ ಎಣ್ಣೆ ಸಿಗದಿರುವುದು, ಇದ್ದಿಲಿನ ಹೊಗೆಯಲ್ಲಿ ಓಡುವ ಬಸ್ಸು ಪ್ರತಿ ಏರಿನಲ್ಲಿ ಕೆಮ್ಮಿ ನಿಲ್ಲುವುದು. ಗಂಡ ಗಂಜಿನಲ್ಲಿ, ಅಂದರೆ ಕಾಳಿನ ಪೇಟೆಯಲ್ಲಿ, ಚೀಲ ಹೊರುವ ಹಮಾಲ. ಅತ್ತೆ ಬೇಳೆ ಕಾರ್ಖಾನೆಗೆ ಹೋಗುತ್ತಿದ್ದಳು. ಮೈಗೆ ಹಚ್ಚಿದ ಅರಿಶಿನ ಆರುವ ಮೊದಲೇ ನಾನೂ ಅವಳ ಹಿಂದೆ ಹೊರಟೆ. ಆಗ ಅದಕ್ಕಾಗಿ ಒಳಗೊಳಗೇ ಕುದಿಯುತ್ತಿದ್ದೆ. ಈಗ ಅನಿಸುತ್ತದೆ, ಆ ಬೆಳಿಗ್ಗೆ ಅವಳು ನನ್ನನ್ನು ಒಲೆಯ ಮುಂದೆ ಬಿಟ್ಟು ಹೋಗಿದ್ದರೆ ನನ್ನ ಬದುಕಿನ ಅರ್ಧ ಪಾಲು ನನಗೆ ಸಿಗುತ್ತಿರಲಿಲ್ಲ.

ಮಂಠಾಳ, ಘಾಟಬೋರಾಳ ಕಡೆಯಿಂದ ಗಾಡಿಗಳಲ್ಲಿ ತೊಗರಿ ಬರುತ್ತಿತ್ತು. ಒಳಗಿನ ಎಂಜಿನ್ನು ಅದನ್ನು ಒಡೆದು ಬೇಳೆ ಮಾಡುತ್ತಿತ್ತು. ಒಡೆಯದೆ ಇಡಿಯಾಗಿ ಉಳಿದ ಕಾಳಿಗೆ ನಾವು ಗೋಟು ಅನ್ನುತ್ತಿದ್ದೆವು. ಆ ಗೋಟು, ಕಲ್ಲು, ಸಿಪ್ಪೆ ಎಲ್ಲವನ್ನೂ ಆರಿಸಿ ತೆಗೆದು ಚೀಲ ತುಂಬಿಸುವುದು ನಮ್ಮ ಕೆಲಸ. ತಗಡಿನ ಛಾವಣಿಯ ಕೆಳಗೆ ಹೆಂಗಸರೆಲ್ಲ ಸಾಲಾಗಿ ಕೂತಿರುತ್ತಿದ್ದೆವು. ಕೂಲಿ ಚೀಲದ ಲೆಕ್ಕ. ಚೀಲಕ್ಕೆ ಇಷ್ಟು ಎಂದು ಕಾರ್ಖಾನೆಯ ಸಾಹುಕಾರನ ದರ.

ಅಂಗಳದಲ್ಲಿ ಒಂದು ದೊಡ್ಡ ಬೇವಿನ ಗಿಡ, ಅದರಾಚೆ ಗಾಡಿಯ ಎತ್ತುಗಳಿಗೆ ನೀರು ಕುಡಿಸುವ ಕಲ್ಲಿನ ದೋಣಿ. ಹೊತ್ತು ಇಳಿದಂತೆ ಬೇವಿನ ನೆರಳು ದೋಣಿಯ ಕಡೆ ಚಾಚುತ್ತಿತ್ತು. ನೆರಳು ದೋಣಿಯನ್ನು ಮುಟ್ಟುವತನಕ ಯಾರ ಚೀಲವೂ ತುಂಬಬಾರದು. ಇದು ಹೆಂಗಸರ ಕಾಯಿದೆ. ಎಲ್ಲಿಯೂ ಬರೆದಿಟ್ಟದ್ದಲ್ಲ, ಆದರೆ ನಿಜಾಮ ಸರಕಾರದ ಕಾಯಿದೆಗಿಂತ ಬಿಗಿ. ಹೊಸದಾಗಿ ಬಂದವಳು ಹುರುಪಿನಲ್ಲಿ ಬೇಗ ಮುಗಿಸಿದರೆ, ಪಕ್ಕದವಳು ಮಾತಿಲ್ಲದೆ ಆ ಚೀಲವನ್ನು ಎತ್ತಿ ಹಸನಾಗದ ರಾಶಿಯ ಮೇಲೆ ಸುರಿದುಬಿಡುತ್ತಿದ್ದಳು. ನನ್ನ ಮೊದಲ ಚೀಲಕ್ಕೆ ಆದದ್ದೂ ಅದೇ. ಸುರಿದವಳು ಪರಕೀಯಳಲ್ಲ, ನನ್ನ ಅತ್ತೆಯೇ. ಅವತ್ತು ಮನೆಗೆ ಬಂದು ಉಣ್ಣದೆ ಮಲಗಿದೆ.

ಮರುದಿನ ದಾರಿಯಲ್ಲಿ ಅವಳೇ ಕಾರಣ ಹೇಳಿದಳು. ನಾನು ಬರುವ ಮೊದಲು ಘಾಟಬೋರಾಳದ ಒಂದಿಷ್ಟು ಹೆಂಗಸರು ಬಿರುಸಿನಿಂದ ಕೆಲಸ ಮಾಡಿ ಮಧ್ಯಾಹ್ನಕ್ಕೇ ಚೀಲ ಹೊಲಿಸಿದ್ದರಂತೆ. ಸಾಹುಕಾರ ನೋಡಿ, "ಇಷ್ಟು ಜಲ್ದಿ ಆಗೋ ಕೆಲಸಕ್ಕ ಇಷ್ಟು ಮಜೂರಿ ಯಾಕ?" ಎಂದು ದರ ಇಳಿಸಿದ. ಆ ಹೆಂಗಸರು ಮೊದಲಿನಷ್ಟೇ ಕೂಲಿಗೆ ಸಂಜೆಯತನಕ ದುಡಿಯಬೇಕಾಯಿತು. ಅಂದಿನಿಂದ ನೆರಳು ನಮ್ಮ ಕಾವಲಿಗೆ ಬಂತು.

ನೆರಳು ಮುಟ್ಟಿತೆಂದು ಕೂಗುವ ಅಧಿಕಾರ ಅತ್ತೆಯದು. ಎಲ್ಲರಿಗಿಂತ ಹಿರಿಯಳು, ಎಲ್ಲರಿಗಿಂತ ದೊಡ್ಡ ಬಾಯಿ. "ಏಳ್ರೆವ್ವಾ, ಹೊತ್ತು ಇಳೀತು" ಎಂದು ಅವಳು ಕೂಗಿದ ಮೇಲೆಯೇ ಚೀಲಗಳು ತುಂಬುತ್ತಿದ್ದವು. ಮನೆಯಲ್ಲಿ ಅವಳ ಮಾತನ್ನು ಬೆಕ್ಕೂ ಕೇಳುತ್ತಿರಲಿಲ್ಲ. ಅಲ್ಲಿ ಮಾತ್ರ ಅವಳು ರಾಣಿ.

ಒಂದು ದಿನ ಅವಳ ಮೊರದಲ್ಲಿ ಕರಿಯ ಕಲ್ಲೊಂದು ಕಂಡಿತು. ಹಳದಿ ಬೇಳೆಯ ನಡುವೆ ಕುರುಡನಿಗೂ ಕಾಣುವಂಥದು. ಅವಳ ಬೆರಳು ಅದರ ಪಕ್ಕದಲ್ಲೇ ಹಾದುಹೋಯಿತು, ಮತ್ತೆ ಬಂತು, ಮತ್ತೆ ಹಾದುಹೋಯಿತು. ನಾನು ಕೈಚಾಚಿ ಕಲ್ಲು ತೆಗೆದೆ. ಅವಳು ಕೈ ಹಿಡಿದು ಹಿಂಡಿದಳು, ನೋವಾಗುವಷ್ಟು. ಮನೆಗೆ ಬಂದ ಮೇಲೆ ಹೇಳಿದಳು, "ಮ್ವಾಡ ಕವಿದಂಗ ಆಗೇದ ಕಣ್ಣಿಗೆ. ಯಾರ ಮುಂದೂ ಅನಬ್ಯಾಡ. ನಿನ್ನ ಗಂಡನ ಮುಂದೂ ಬ್ಯಾಡ."

ಅವಳ ಹೆದರಿಕೆ ಸುಳ್ಳಲ್ಲ. ಕಣ್ಣು ಮಂಜಾದವರಿಗೆ ಸಾಹುಕಾರ ಜಗಳವಾಡದೆ, ಮರ್ಯಾದೆಯಿಂದಲೇ, "ನಾಳಿಂದ ಮನ್ಯಾಗ ಇರ್ರಿ" ಎನ್ನುತ್ತಿದ್ದ. ಹೋದವರು ಮತ್ತೆ ಬಂದದ್ದಿಲ್ಲ. "ಮನ್ಯಾಗ ಇದ್ರ ಏನಾತು, ನಾವು ದುಡೀತೀವಲ್ಲ" ಎಂದೆ. "ಮನ್ಯಾಗ ಕುಂತ್ರ ನಾನೂ ಒಂದು ಸಾಮಾನು ಆಗ್ತೀನಿ" ಅಂದಳು. ಆ ಮಾತಿನ ಮುಂದೆ ನನ್ನ ಸಿಟ್ಟು, ಸುರಿದುಹೋದ ಚೀಲ, ಎಲ್ಲ ಇಳಿದುಹೋಯಿತು. ಅಂದಿನಿಂದ ಅವಳ ರಾಶಿಯನ್ನೂ ನಾನೇ ಆರಿಸಿದೆ. ಸಂಜೆ ನೆರಳು ದೋಣಿ ಮುಟ್ಟಿದಾಗ ಮೊರವನ್ನು ನೆಲಕ್ಕೆ ಮೆಲ್ಲಗೆ ಕುಟ್ಟುತ್ತಿದ್ದೆ. ಅವಳು ಅಂಗಳದ ಕಡೆ ಕಣ್ಣು ಕಿರಿದು ಮಾಡಿ ನೋಡಿದಂತೆ ಮಾಡಿ ಕೂಗುತ್ತಿದ್ದಳು. ಆ ನಟನೆಗೆ ನಾಟಕ ಕಂಪನಿಯವರು ಬಂದು ವೀಳ್ಯ ಕೊಡಬೇಕಿತ್ತು. ಹಿಂದಿರುಗುವಾಗ ದಾರಿಯಲ್ಲಿ ಕೈ ಹಿಡಿಯಲು ಹೋದರೆ ಕೊಡವಿಬಿಡುತ್ತಿದ್ದಳು. ಗೋಡೆ ಸವರುತ್ತ, ಸವರಿಲ್ಲವೆಂಬಂತೆ ಬೆನ್ನು ನೆಟ್ಟಗೆ ಮಾಡಿ ನನಗಿಂತ ಮುಂದೆ ನಡೆಯುತ್ತಿದ್ದಳು.

ಇಬ್ಬರ ಕೆಲಸ ಒಬ್ಬಳು ಮಾಡಿದರೆ ಎಷ್ಟು ದಿನ ನಡೆದೀತು? ಯುಗಾದಿಗೆ ಕಲ್ಯಾಣಿಗೆ ಹೋದಾಗ, ಅತ್ತೆಯ ಕಣ್ಣಿನ ಮಾತು ಎತ್ತದೆ, ಗೋಟು ಆರಿಸಿ ಸಾಕಾಯಿತೆಂದು ಅಪ್ಪನ ಮುಂದೆ ಅತ್ತುಬಿಟ್ಟೆ. ಅಪ್ಪ ಸಮಾಧಾನ ಹೇಳುವ ಮನುಷ್ಯನಲ್ಲ. "ಗೋಟು ದುಂಡಗ, ಬ್ಯಾಳಿ ಚಪ್ಪಟಿ. ಅದಕ್ಕ ಅಳೋದು ಯಾಕ?" ಎಂದ. ತಂತಿಬಲೆ ಯುದ್ಧದ ದೆಸೆಯಿಂದ ಎಲ್ಲಿಯೂ ಸಿಗುತ್ತಿರಲಿಲ್ಲ. ಖಾಲಿ ಎಣ್ಣೆಡಬ್ಬಿಯೊಂದನ್ನು ಕತ್ತರಿಸಿ ಬಿಡಿಸಿ, ಅದರಲ್ಲಿ ದುಂಡು ತೂತಿನ ಬದಲು ಉದ್ದನೆಯ ಸೀಳುಗಳನ್ನು ಹೊಡೆದ. ಎರಡು ಸಲ ಕೆಡಿಸಿದ. ಮೊದಲನೆಯದರಲ್ಲಿ ಗೋಟೂ ಜಾರಿತು, ಎರಡನೆಯದರಲ್ಲಿ ಬೇಳೆಯೂ ಉಳಿಯಿತು. ಮೂರನೆಯದು ಸರಿಯಾಯಿತು. ಕೆಳಗೆ ಸಣ್ಣ ತೂತಿನ ಇನ್ನೊಂದು ತಗಡು, ನುಚ್ಚು ಮತ್ತು ಸಣ್ಣ ಕಲ್ಲು ಇಳಿಯಲಿಕ್ಕೆ. ಎರಡನ್ನೂ ಒಂದೇ ಕಟ್ಟಿಗೆಯ ಚೌಕಟ್ಟಿಗೆ ಕೂಡಿಸಿಕೊಟ್ಟ. ಕೌದಿಯಲ್ಲಿ ಸುತ್ತಿಕೊಂಡು ಆ ಕೆಮ್ಮುವ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ. ಪಕ್ಕದಲ್ಲಿ ಕೂತ ಹೆಂಗಸು ಕೂಸೆಂದು ತಿಳಿದು ಸರಿದು ಜಾಗ ಮಾಡಿಕೊಟ್ಟಳು.

ಅತ್ತೆಯ ಕೈಗೆ ಆ ಜರಡಿ ಕೊಟ್ಟಾಗ ಅವಳು ಅದನ್ನು ಅಲುಗಿಸಿ, ಕಿವಿ ವಾರೆ ಮಾಡಿ ಕೇಳಿದಳು. ಬೇಳೆ ಸೀಳಿನಲ್ಲಿ ಜಾರುವ ಸದ್ದು ಬೇರೆ, ಗೋಟು ತಗಡಿನ ಮೇಲೆ ಉರುಳುವ ಸದ್ದು ಬೇರೆ. ಎಲ್ಲ ಜಾರಿ ಮುಗಿದಾಗ ಬರೀ ಉರುಳುವ ಸದ್ದು ಉಳಿಯುತ್ತಿತ್ತು. ದಪ್ಪ ಕಲ್ಲೂ ಗೋಟಿನ ಜತೆ ಮೇಲೆಯೇ ಸಿಕ್ಕುತ್ತಿತ್ತು. ಬೇಳೆಯ ಗಾತ್ರದ ಕಲ್ಲೊಂದಿಷ್ಟು ತಪ್ಪಿಸಿಕೊಂಡರೆ ನಾನು ಒಮ್ಮೆ ಕಣ್ಣಾಡಿಸಿದರೆ ಸಾಕು. ಅವಳಿಗೆ ಕಣ್ಣು ಬೇಕಾಗಲೇ ಇಲ್ಲ. "ನಿಮ್ಮಪ್ಪನ ಕೈಗೆ ಬಂಗಾರದ ಬಳಿ ಹಾಕಬೇಕು" ಅಂದಳು. ಬಂಗಾರ ಎಲ್ಲಿಂದ ಬರಬೇಕು. ಮಾತು ಬಂದದ್ದೇ ಹೆಚ್ಚು.

ತೊಂದರೆ ಶುರುವಾದದ್ದು ಆಮೇಲೆ. ಚೀಲದ ರಾಶಿಯ ಮರೆಯಲ್ಲಿ ಜರಡಿ ಹಿಡಿದರೆ ನಮ್ಮ ಕೆಲಸ ಬುತ್ತಿ ಬಿಚ್ಚುವ ಹೊತ್ತಿಗೇ ಮುಗಿಯುತ್ತಿತ್ತು. ನೆರಳು ಇನ್ನೂ ಗಿಡದ ಬುಡದಲ್ಲೇ. ಹಾಗಾಗಿ ಹಸನಾದ ಬೇಳೆಯನ್ನು ಮತ್ತೆ ಹಸನು ಮಾಡುತ್ತ ಕೂಡುವುದು. ಮೆಲ್ಲಗೆ ಉಳಿದ ಹೆಂಗಸರಿಗೂ ಗೊತ್ತಾಯಿತು. ಯಾರೂ ಚಾಡಿ ಹೇಳಲಿಲ್ಲ, ಜರಡಿಗೆ ಸರದಿ ಹಚ್ಚಿದರು ಅಷ್ಟೆ. ಕೆಲವು ವಾರ ಇಡೀ ಸಾಲು ಮಧ್ಯಾಹ್ನವೆಲ್ಲ ಇಲ್ಲದ ಕಲ್ಲನ್ನು ಹೆಕ್ಕಿ ಎಸೆಯುತ್ತಿತ್ತು. ರಾತ್ರಿ ಬೆನ್ನು ನೋಯುವುದು ಮಾತ್ರ ಮೊದಲಿನಂತೆಯೇ.

ಅತ್ತೆಯ ಕಣ್ಣಿನ ಮಾತು ಬಿಟ್ಟು ಜರಡಿಯ ಸಂಗತಿಯಷ್ಟೇ ಗಂಡನಿಗೆ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಕ್ಕ. "ನಿಮ್ಮ ಬುದ್ಧಿ ನೀವೇ ಕದ್ದು ಮುಚ್ಚಿ ಇಡಾಕತ್ತೀರಿ! ಸಂಘಕ್ಕ ಬರ್ರಿ ಅಂದ್ರ ನಗ್ತೀರಿ." ಗಂಜಿನ ಹಮಾಲರು ಆಗಲೇ ಸಂಘ ಕಟ್ಟಿಕೊಂಡು ಚೀಲ ಹೊರುವ ದರವನ್ನು ಅಡತಿ ದಲ್ಲಾಳಿಗಳ ಜತೆ ಕೂತು ಮಾತಾಡಿ ಗೊತ್ತು ಮಾಡಿದ್ದರು. ನಾವು ಹೆಂಗಸರಿಗೆ ಅದು ಗಂಡಸರು ಚಹಾ ಕುಡಿಯಲು ಹೂಡಿದ ನೆಪ ಅನಿಸಿತ್ತು. ಪೂರ್ತಿ ಸುಳ್ಳೂ ಅಲ್ಲ ಅದು.

ಒಂದು ದಿನ ಸಾಹುಕಾರ ಎಂದೂ ಬರದ ಹೊತ್ತಿನಲ್ಲಿ ಬಂದ. ಜರಡಿ ಅತ್ತೆಯ ಕೈಯಲ್ಲಿತ್ತು. ನಾನು ಎಚ್ಚರಿಸುವ ಮೊದಲೇ ಹತ್ತಿರ ಬಂದು ಕೆಳಗಿನ ತಗಡಿಗೆ ಇಳಿದ ಬೇಳೆಯನ್ನು ಬೊಗಸೆಯಲ್ಲಿ ಹಿಡಿದು ನೋಡಿದ. ಅವನು ಕೆಟ್ಟವನಲ್ಲ, ಇದನ್ನು ಹೇಳಲೇಬೇಕು. ಅವನ ಮುಖ ಮದುವೆಮನೆಯ ಹಾಗೆ ಬೆಳಗಿತು. "ಶಾಬಾಸ್! ಇಂಥಾವು ಎಲ್ಲಾರಿಗೂ ಮಾಡಿಸ್ತೀನಿ. ಹೈದರಾಬಾದಿನವರು ಗೋಟು ಭಾಳ ಅದ ಅಂತ ಮಾಲು ವಾಪಸ್ ಕಳಸಾಕತ್ತಾರ." ನಾವೂ ನಕ್ಕೆವು. ಆಮೇಲೆ ಅದೇ ಉಸಿರಿನಲ್ಲಿ ಹೇಳಿದ, "ಕೆಲಸ ಹಗುರ ಆತಲ್ಲ, ಚೀಲದ ದರ ಅರ್ಧ ಸಾಕು. ಇಷ್ಟು ಮಂದೀನೂ ಬೇಕಾಗಂಗಿಲ್ಲ. ಮುದುಕೇರು ಮನ್ಯಾಗ ಆರಾಮ ಇರ್ಲಿ." ಅತ್ತೆಯ ಕೈ ಜರಡಿಯ ಮೇಲೆ ನಿಂತೇಬಿಟ್ಟಿತು.

ಸಂಜೆ ಗೇಟಿನ ಹೊರಗೆ ಹೆಂಗಸರೆಲ್ಲ ನನ್ನ ಮೇಲೆ ಹರಿಹಾಯ್ದರು. ತವರಿನಿಂದ ಸೀರೆ ತರುವುದು ಬಿಟ್ಟು ನಮ್ಮ ಅನ್ನಕ್ಕೆ ಕಲ್ಲು ಹಾಕುವ ಸಾಮಾನು ತಂದೆಯಲ್ಲ ಎಂದರು. ಯಾರನ್ನು ಉಳಿಸಲು ತಂದೆನೋ ಅವಳನ್ನೇ ಅದು ಮೊದಲು ಹೊರಗೆ ಹಾಕುವಂತಾಗಿತ್ತು. ಸಿಟ್ಟಿಗೆ ಅದನ್ನು ಬಾವಿಗೆ ಎಸೆಯುತ್ತೇನೆಂದೆ. ಅತ್ತೆ ಬಿಡಲಿಲ್ಲ. ಮರುದಿನ ಗೋಣಿಚೀಲದಲ್ಲಿ ಸುತ್ತಿ ಅದರ ಮೇಲೆಯೇ ಕೂತಳು. ಸಾಹುಕಾರ ಮಾದರಿಗೆಂದು ಕೇಳಿದರೆ, "ಮುರೀತ್ರಿ" ಎಂದು ಅದರ ಮೇಲೆ ಕೂತೇ ಹೇಳಿದಳು. ಅಪ್ಪನ ಕೆಲಸ ಎಷ್ಟು ಗಟ್ಟಿಯೆಂಬುದಕ್ಕೆ ಅವತ್ತು ಅದು ಮುರಿಯದೆ ಉಳಿದದ್ದೇ ಸಾಕ್ಷಿ.

ಆ ವಾರವೇ ನಾವು ಹೆಂಗಸರು ಸಂಘದವರ ಜಾಗಕ್ಕೆ ಹೋದೆವು. ಹಮಾಲರು ಚೀಲಗಳ ಮೇಲೆ ಜಾಗ ಮಾಡಿಕೊಟ್ಟರು. ಕೆಲವರಿಗೆ ಕೆಲಸ ನಿಲ್ಲಿಸಿ ಮನೆಯಲ್ಲಿ ಕೂಡಬೇಕೆಂಬ ಹುರುಪು. ಇನ್ನು ಕೆಲವರಿಗೆ ಜರಡಿ ಸುಟ್ಟು ಮೊದಲಿನಂತಿದ್ದರೆ ಸಾಕೆಂಬ ಆಸೆ. ನನ್ನ ಗಂಡ, ನಾಲ್ಕು ಮಂದಿಯ ಮುಂದೆ ಉಪ್ಪು ಕೇಳಲೂ ಬಾಯಿ ಬಿಡದವನು, ಅಲ್ಲಿ ಎದ್ದು ನಿಂತು ಹೇಳಿದ, "ಜರಡಿ ಮ್ಯಾಲ ಸಿಟ್ಟು ಬ್ಯಾಡ. ಬ್ಯಾಳಿ ಹಸನ ಆದ್ರ ಯಾರಿಗೇನು ನುಕ್ಸಾನ? ಲಾಭ ಯಾರ ಮನಿಗೆ ಹೋಗ್ತದ ಅನ್ನೋದು ಮಾತಾಡ್ರಿ." ಆ ಹೊತ್ತು ಅವನನ್ನು ನೋಡಿ ನನಗೆ ಆದ ಹೆಮ್ಮೆಯನ್ನು ಅವನಿದ್ದಷ್ಟು ದಿನ ಅವನಿಗೆ ಹೇಳಲಿಲ್ಲ. ಹೇಳಿದ್ದರೆ ಏರಿ ಕೂಡುತ್ತಿದ್ದ.

ನಾವು ಕೆಲಸ ನಿಲ್ಲಿಸಲಿಲ್ಲ. ಜರಡಿಯನ್ನು ಮಾತ್ರ ಒಳಗಿಟ್ಟೆವು. ದರದ ಮಾತಾಗುವತನಕ ಕೈಯಿಂದಲೇ ಆರಿಸುವುದು, ನೆರಳಿನ ಕಾಯಿದೆಯಂತೆ. ಗೋಟು ಉಳಿದ ಮಾಲು ಹೈದರಾಬಾದಿನಿಂದ ಮತ್ತೆ ವಾಪಸು ಬಂತು. ಕೊನೆಗೆ ಸಾಹುಕಾರ ಅಂಗಳದಲ್ಲಿ ಜಮಖಾನೆ ಹಾಸಿ ಎಲ್ಲರನ್ನೂ ಕರೆದ. ಸಂಘದ ಪರವಾಗಿ ನನ್ನ ಗಂಡ ಕೂತ, ಹೆಂಗಸರ ಪರವಾಗಿ ಅತ್ತೆ.

"ಎಲ್ಲಾ ನಿಮಗೇ ಆದ್ರ ಜರಡಿಯಿಂದ ನನಗೇನು ಬಂತು?" ಎಂದು ಸಾಹುಕಾರ ಕೇಳಿದ.

"ಮಾಲು ಹಸನಾಗ್ತದ, ಚೀಲ ಹೆಚ್ಚಾಗ್ತಾವ, ಅದು ನಿಮಗ," ಎಂದಳು ಅತ್ತೆ. "ದರ ಮುಟ್ಟಬ್ಯಾಡ್ರಿ. ಗೊತ್ತು ಮಾಡಿದಷ್ಟು ಚೀಲ ತುಂಬಿದವರು ಮನಿಗೆ ಹೋಗ್ಲಿ, ಹೆಚ್ಚು ತುಂಬಿಸ್ತೀನಿ ಅಂದವರಿಗೆ ಹೆಚ್ಚಿನ ಮಜೂರಿ ಕೊಡ್ರಿ. ಮತ್ತ ಈ ಜರಡಿ ಬಂತು ಅಂತ ಒಬ್ಬಾಕಿನ್ನೂ ತೆಗೀಬಾರದು. ಮುದುಕಿ ಇರ್ಲಿ, ಕುಂಟಿ ಇರ್ಲಿ, ಯಾರೇ ಇರ್ಲಿ."

"ಎಲ್ಲಿತನಕ?"

"ಮುಂದಿನ ತೊಗರಿ ಬರೂತನಕ. ಆಮ್ಯಾಲ ಮತ್ತ ಕುಂತು ಮಾತಾಡೋಣ. ನೀವೂ ಎಲ್ಲಿ ಹೋಗಂಗಿಲ್ಲ, ನಾವೂ ಎಲ್ಲಿ ಹೋಗಂಗಿಲ್ಲ."

ಒಬ್ಬಾಕಿನ್ನೂ ತೆಗೀಬಾರದು ಎಂಬ ಮಾತನ್ನು ಹೆಂಗಸರೆಲ್ಲ ತಮ್ಮ ತಮ್ಮ ಸಲುವಾಗಿ ಎಂದುಕೊಂಡು ತಲೆಯಾಡಿಸಿದರು. ಅದರ ಹಿಂದೆ ಯಾರ ಕಣ್ಣಿದೆಯೆಂದು ನನಗೊಬ್ಬಳಿಗೇ ಗೊತ್ತಿತ್ತು. ಸಾಹುಕಾರ ಬಹಳ ಹೊತ್ತು ಮೀಸೆ ತಿರುವಿದ, ಸೊಲ್ಲಾಪುರದ ಪೈಪೋಟಿ, ಎಂಜಿನ್ನಿನ ಎಣ್ಣೆಯ ಬೆಲೆ ಎಲ್ಲ ಹೇಳಿದ. ಅದೂ ಖರೆಯೇ. ನನ್ನ ಗಂಡ ಎಲ್ಲವನ್ನೂ ಕೇಳಿ, "ಹೌದ್ರಿ, ಅದಕ್ಕೇ ಜರಡಿ ಬೇಕು ನಿಮಗ" ಎಂದ. ಸಾಹುಕಾರನಿಗೆ ನಗೆ ಬಂತು. ಎಲ್ಲರ ಎದುರಿಗೆ ಕಬೂಲು ಮಾಡಿದ. ಅಪ್ಪನಿಗೆ ಕಲ್ಯಾಣಿಗೆ ಹೇಳಿಕಳಿಸಿ ಇಡೀ ಸಾಲಿಗೆ ಜರಡಿ ಮಾಡಿಸಿದ್ದೂ ಅವನ ಖರ್ಚಿನಲ್ಲೇ.

ಆಮೇಲಿನದನ್ನು ಈಗಲೇ ಹೇಳಿಬಿಡುತ್ತೇನೆ. ಆ ಮಾತಾದ ಮೇಲೆ ಹೆಂಗಸರು ಬಚ್ಚಿಟ್ಟದ್ದು ಏನೇನು ಹೊರಗೆ ಬಂತು! ಮಂಠಾಳದವಳೊಬ್ಬಳು ತೊಗರಿಗೆ ಎಣ್ಣೆ ಸವರಿ ಒಂದು ರಾತ್ರಿ ಮುಚ್ಚಿಟ್ಟರೆ ಸಿಪ್ಪೆ ಸಲೀಸು ಬಿಡುವುದೆಂದು ತೋರಿಸಿದಳು. ವರ್ಷಗಟ್ಟಲೆ ಗೊತ್ತಿತ್ತಂತೆ, ಹೇಳಿದರೆ ದರ ಇಳಿದೀತೆಂದು ಬಾಯಿ ಕಟ್ಟಿಕೊಂಡಿದ್ದಳು. ಇನ್ನೊಬ್ಬಳು ಗಾಡಿಯ ಹಳೆಯ ಹಲಗೆಯಿಂದ ಕೂತು ಕೆಲಸ ಮಾಡುವ ಮಣೆ ಮಾಡಿಸಿದಳು, ನಮ್ಮ ಬೆನ್ನಿನ ನೋವು ಅರ್ಧ ಹೋಯಿತು. ಅಷ್ಟೂ ಜಾಣತನ ಆ ತಗಡಿನ ಕೆಳಗೆ ನಮ್ಮೊಡನೆಯೇ ಕೂತಿತ್ತು, ಸೆರಗಿನ ಗಂಟಿನಲ್ಲಿ. ಗಂಟು ಬಿಚ್ಚಲು ಬೇಕಾದದ್ದು ಒಂದು ಭರವಸೆ. ಹಾಗಂತ ಸಂಘ ಮಾಡಿದ್ದೆಲ್ಲ ಸರಿಯೆನ್ನಲಾರೆ. ಮುಂದೆ ಸಾಹುಕಾರ ಧೂಳು ತೂರುವ ಪಂಖಾ ತರಿಸಿದಾಗ, ಅವನೇ ತಂದನೆಂದರೆ ಏನೋ ಕುತಂತ್ರವೆಂದು ಸಂಘ ಒಂದು ಸುಗ್ಗಿಯಿಡೀ ಅದನ್ನು ಹಚ್ಚಗೊಡಲಿಲ್ಲ. ಆ ವರ್ಷದ ಕೆಮ್ಮು ನಮ್ಮದೇ ಗಳಿಕೆ. ಮರುವರ್ಷ ಕೂತು ಮಾತಾಡಿ ಹಚ್ಚಿಸಿಕೊಂಡೆವು.

ಆದರೆ ನನ್ನ ಮನಸ್ಸು ಹೋಗಿ ನಿಲ್ಲುವುದು ಹೊಸ ಜರಡಿಗಳು ಬಂದ ಮೊದಲನೆಯ ದಿನದ ಮೇಲೆ. ಬುತ್ತಿ ಉಂಡು ಸ್ವಲ್ಪ ಹೊತ್ತಿಗೆಲ್ಲ ಸಾಲಿನ ಚೀಲಗಳೆಲ್ಲ ತುಂಬಿ ನಿಂತವು. ಯಾರೂ ಏಳಲಿಲ್ಲ. ಕರಾರಿನಂತೆ ಏಳಬಹುದಿತ್ತು, ಮನೆಗೆ ಹೋಗಬಹುದಿತ್ತು. ರೂಢಿ ಬಿಡಬೇಕಲ್ಲ? ಒಬ್ಬಿಬ್ಬರ ಕೈ ಆಗಲೇ ಖಾಲಿ ಮೊರದ ಕಡೆ ಹೋಗಿತ್ತು. ಎಲ್ಲರೂ ಅಂಗಳದ ನೆರಳನ್ನು ನೋಡುತ್ತ, ಅತ್ತೆಯ ಕೂಗಿಗೆ ಕಾಯುತ್ತ ಕೂತರು. ಸಾಹುಕಾರ ತಕ್ಕಡಿಯ ಹತ್ತಿರ ನಿಂತು ನಮ್ಮನ್ನೇ ನೋಡುತ್ತಿದ್ದ. ನಾನು ಮೊರ ಕುಟ್ಟಲೋ ಬೇಡವೋ ತಿಳಿಯದೆ ಕೂತಿದ್ದೆ.

"ನೆರಳು ಎಲ್ಲಿಗೆ ಬಂತು?" ಅತ್ತೆ ಕೇಳಿದಳು. ಪಿಸುಮಾತಲ್ಲ, ದಿನಾ ಕೂಗುವ ದೊಡ್ಡ ದನಿಯಲ್ಲಿ.

"ಇನ್ನೂ ಭಾಳ ದೂರ ಅದ, ಅತ್ತಿ" ಎಂದೆ.

"ನನಗ ಕಾಣಂಗಿಲ್ಲ," ಎಂದಳು ಅವಳು, ಎಲ್ಲರಿಗೂ ಕೇಳುವ ಹಾಗೆ. "ವರ್ಷ ಆಗಾಕ ಬಂತು. ಈಕಿನೇ ನನ್ನ ಕಣ್ಣು. ದೂರ ಇದ್ರ ಇರ್ಲಿ ಬಿಡ್ರೆವ್ವಾ ನೆರಳು. ಏಳ್ರಿ, ಮನಿಗೆ ಹೋಗೋಣ."

ಎಲ್ಲರ ಕಣ್ಣು ತಕ್ಕಡಿಯ ಕಡೆ ಹೋದವು. ಸಾಹುಕಾರ ಅತ್ತೆಯನ್ನು ನೋಡಿದ, ಅವಳ ಮುಂದಿದ್ದ ಹಸನಾದ ಚೀಲವನ್ನು ನೋಡಿದ. ಆಡಿದ ಮಾತು ನೆನಪಾಗಿರಬೇಕು. ಅದಕ್ಕಿಂತ ಹೆಚ್ಚಿನದೂ ಏನೋ ಆಗಿರಬೇಕು, ಅವನ ದನಿ ಮೆತ್ತಗಾಗಿತ್ತು.

"ಗೇಟಿನ ಹತ್ತರ ಮೆಟ್ಟಲ ಮುರದದ, ಅಮ್ಮಾ. ಸಾವಕಾಶ ಹೋಗ್ರಿ."

"ಗೊತ್ತದ್ರಿ, ದಿನಾ ಎಡವತೀನಿ" ಎಂದಳು ಅತ್ತೆ. "ಅದನ್ನೂ ರಿಪೇರಿ ಮಾಡಸ್ರಿ."

ಮೊದಲು ನಕ್ಕವರು ಯಾರೋ ಗೊತ್ತಿಲ್ಲ, ಆಮೇಲೆ ಇಡೀ ಸಾಲು ನಕ್ಕಿತು, ಸಾಹುಕಾರನೂ ನಕ್ಕ. ನಾನು ಮಾತ್ರ ಅಳುತ್ತಿದ್ದೆ. ಅತ್ತೆ ಎದ್ದು ಸೀರೆಯ ಹೊಟ್ಟು ಕೊಡವಿಕೊಂಡು ನನ್ನ ಕಡೆಗೆ ಕೈ ಚಾಚಿದಳು. ಅಪ್ಪನಿಗೆ, ಗಂಡನಿಗೆ, ಚೀಲದ ಮೇಲೆ ಜಾಗ ಮಾಡಿಕೊಟ್ಟ ಹಮಾಲರಿಗೆ, ಮಾತು ಉಳಿಸಿಕೊಂಡ ಆ ಸಾಹುಕಾರನಿಗೆ ನಾನು ಯಾವಾಗ ಮನಸ್ಸಿನಲ್ಲೇ ಕೈಮುಗಿದರೂ ಆ ಚಾಚಿದ ಕೈಯೇ ಮೊದಲು ಕಾಣುತ್ತದೆ. "ಹಿಡಿ" ಎಂದಳು, ಅಷ್ಟೆ. ಹಿಡಿದುಕೊಂಡೆ. ಗಂಜಿನ ನಟ್ಟನಡುವೆ, ಸುಡುವ ಮಧ್ಯಾಹ್ನದ ಬಿಸಿಲಿನಲ್ಲಿ, ಎಲ್ಲರೂ ನೋಡುತ್ತಿರುವಾಗ ಗೋಡೆ ಬಿಟ್ಟು ರಸ್ತೆಯ ನಡುವೆ ನಡೆದು ನಾವಿಬ್ಬರೂ ಮನೆಗೆ ಹೋದೆವು.